ಹಳೇ ಸ್ಕೀ ತಗೊಂಡಿದ್ದೇನೆ, ಬೈಂಡಿಂಗ್ ಮನೆಯಲ್ಲೇ ಅಡ್ಜಸ್ಟ್ ಮಾಡಬಹುದಾ?

ಡೆನ್ವರ್_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ಡೆನ್ವರ್‌ನಲ್ಲಿ ಇದ್ದೇವೆ. ಎರಡು ಚಳಿಗಾಲ ಬಾಡಿಗೆ ಸ್ಕೀ ಹಾಕಿಕೊಂಡೇ ಲವ್‌ಲ್ಯಾಂಡ್, ಎಲ್ಡೋರಾ ಕಡೆ ಹೋಗಿ ಬಂದೆವು. ಶನಿವಾರ ಬೆಳಿಗ್ಗೆ ಬಾಡಿಗೆ ಅಂಗಡಿ ಮುಂದೆ ಸಾಲು, ಆಮೇಲೆ ಐ-70 ರಸ್ತೆಯಲ್ಲಿ ಸಾಲು. ಅದಕ್ಕೆ ಈ ಸಲ ಅಕ್ಟೋಬರ್‌ನಲ್ಲಿ, ಹಳೇ ಸಾಮಾನು ಮಾರುವ ಕಡೆ ನನಗೊಂದು ಜೊತೆ ಸ್ಕೀ, ಮಗಳಿಗೊಂದು ಜೊತೆ ತಗೊಂಡೆ. ಎರಡರಲ್ಲೂ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ, ಬಿದ್ದಾಗ ಬಿಡುವ ಸಾಧನ, ಬೂಟಿನ ಮುಂದೆ ಒಂದು ತುಂಡು, ಹಿಂದೆ ಒಂದು) ಕೂರಿಸಿಯೇ ಇದೆ. ಬೂಟು ಮಾತ್ರ ಇಬ್ಬರಿಗೂ ಹೊಸದು.

ನನ್ನ ಬೂಟನ್ನು ಹಾಲ್‌ನಲ್ಲೇ ಸ್ಕೀಗೆ ಹಾಕಿ ನೋಡಿದೆ. ಟಕ್ ಅಂತ ಕೂತಿತು. ಮುಂದಿನ ತುಂಡಿನ ಕಿಟಕಿಯಲ್ಲಿ 8 ಅಂತ ಇದೆ, ಹಿಂದೆ 7.5. ಒಂದು ವೆಬ್‌ಸೈಟಿನಲ್ಲಿ ನನ್ನ ತೂಕ, ಎತ್ತರ ಹಾಕಿದರೆ ಅದಕ್ಕಿಂತ ಎಷ್ಟೋ ಕಡಿಮೆ ಅಂಕಿ ಬಂತು. ಸ್ಕ್ರೂ ತಾನೇ, ತಿರುಗಿಸಿ ಇಳಿಸಿದರೆ ಆಯಿತಲ್ಲ ಅಂತ ಸ್ಕ್ರೂಡ್ರೈವರ್ ಕೈಗೆ ತಗೊಂಡೆ. ಆಮೇಲೆ ಯಾಕೋ ಧೈರ್ಯ ಬರಲಿಲ್ಲ. ನನ್ನದು ಬಿಡಿ, ಮಗಳ ಕಾಲು ಅದರಲ್ಲಿ ಇರುತ್ತದೆ.

ನನ್ನ ವಿವರ: ವಯಸ್ಸು 41, ತೂಕ 74 ಕೆಜಿ, ಎತ್ತರ 170 ಸೆಂ.ಮೀ. ನಿಧಾನ ಹೋಗುವವನು, ನೀಲಿ ಗುರುತಿನ ಇಳಿಜಾರಿಗಿಂತ ಮೇಲೆ ಹೋಗಿಲ್ಲ. ಮಗಳಿಗೆ 11 ವರ್ಷ, 34 ಕೆಜಿ. ಮನೆಯಲ್ಲಿ ಏನು ಮಾಡಬಹುದು, ಏನನ್ನು ಮುಟ್ಟಲೇಬಾರದು? ಗೊತ್ತಿರುವವರು ಹೇಳಿ.

ಬೇ_ಏರಿಯಾ_ಕಿಟ್ಟಿ:

ಅಣ್ಣಾ, ಇಷ್ಟು ಯೋಚನೆ ಬೇಡ. ವಿಡಿಯೋ ನೋಡಿ ಮಾಡಿ, ಹತ್ತು ನಿಮಿಷದ ಕೆಲಸ. ನಾನು ಆರು ವರ್ಷದಿಂದ ತಾಹೋಗೆ ಹೋಗುತ್ತಿದ್ದೇನೆ, ಎಲ್ಲಾ ನಾನೇ ಮಾಡಿಕೊಳ್ಳೋದು, ಏನೂ ಆಗಿಲ್ಲ. ನಿಮ್ಮ ತೂಕಕ್ಕೆ 6 ಇಟ್ಟರೆ ಸಾಕು. ಸ್ಕೀ ಸುಮ್ನೆ ಬಿಚ್ಚಿಕೊಂಡರೆ ಅರ್ಧ ಏರಿಸಿ.

ಬಕ್‌ಹಿಲ್_ಹಳಬ:

ಕಿಟ್ಟಿಯವರೇ, ನಿಮಗೆ ಏನೂ ಆಗದೇ ಇರುವುದು ಸಂತೋಷ. ಆದರೆ ಇನ್ನೊಬ್ಬರ ಬೂಟಿನ ಉದ್ದವನ್ನೇ ಕೇಳದೆ ಅಂಕಿ ಹೇಳಬೇಡಿ. ಅದು ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡು ಕಾರು ಓಡಿಸಿದ ಹಾಗೆ.

ನಾನು ಮಿನಿಯಾಪೊಲಿಸ್ ಕಡೆ ಓದುವಾಗ ಮೂರು ಚಳಿಗಾಲ ಸಂಜೆ ಹೊತ್ತು ಸ್ಕೀ ಅಂಗಡಿಯಲ್ಲಿ ಕೆಲಸ ಮಾಡಿದವನು. ಬಕ್ ಹಿಲ್‌ನಲ್ಲೇ ಸ್ಕೀ ಕಲಿತದ್ದು, ಅದೇ ಹೆಸರು ಇಲ್ಲಿ ಇಟ್ಟುಕೊಂಡಿದ್ದೇನೆ. ನೂರಾರು ಬೈಂಡಿಂಗ್ ಕೈಯಲ್ಲಿ ಹಾದು ಹೋಗಿವೆ. ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಮೊದಲು ಒಂದು ಮಾತು. ಎಷ್ಟು ಬಲ ಬಿದ್ದರೆ ಬೈಂಡಿಂಗ್ ಬೂಟನ್ನು ಬಿಡಬೇಕು ಅಂತ ಕಿಟಕಿಯಲ್ಲಿ ತೋರಿಸುವ ಅಂಕಿಗೇ ಡಿನ್ ಅನ್ನುವುದು, ಎಲ್ಲರೂ ಆ ಡಿನ್ ಅಂಕಿ ಹಿಂದೆ ಬೀಳುತ್ತಾರೆ. ನಾನು ಅಂಗಡಿಯಲ್ಲಿ ನೋಡಿದ ತಪ್ಪುಗಳಲ್ಲಿ ಜಾಸ್ತಿ ಇದ್ದದ್ದು ಅಂಕಿಯದ್ದಲ್ಲ, ಹಿಂದಿನ ತುಂಡು ನಿಂತ ಜಾಗದ್ದು. ನೀವು ಬೂಟು ಟಕ್ ಅಂತ ಕೂತಿತು ಅಂದಿರಿ. ಅದೊಂದರಿಂದ ಏನೂ ಗೊತ್ತಾಗುವುದಿಲ್ಲ. ಐದಾರು ಮಿಲಿಮೀಟರ್ ವ್ಯತ್ಯಾಸ ಇದ್ದರೂ ಎಷ್ಟೋ ಬೈಂಡಿಂಗ್ ಟಕ್ ಅನ್ನುತ್ತವೆ.

ಈಗ ಬೂಟನ್ನು ಕೈಗೆ ತಗೊಳ್ಳಿ. ಹಿಮ್ಮಡಿ ಪಕ್ಕದಲ್ಲಿ, ಪ್ಲಾಸ್ಟಿಕ್ಕಿನ ಮೇಲೇ ಒಂದು ಅಂಕಿ ಅಚ್ಚೊತ್ತಿರುತ್ತದೆ, 305 ಮಿ.ಮೀ. ಅಥವಾ 318 ಮಿ.ಮೀ. ಅನ್ನುವ ಹಾಗೆ. ಬಣ್ಣ ಇರುವುದಿಲ್ಲ, ಬೆಳಕನ್ನು ಅಡ್ಡ ಹಿಡಿದರೆ ಮಾತ್ರ ಕಾಣುತ್ತದೆ. ಅದು ಸೋಲ್ ಉದ್ದ. 26.5 ಅಂತ ಬರೆದಿರುವುದು ಪಾದದ ಅಳತೆ, ಅದು ಬೇರೆ. ಒಂದೇ 26.5 ಬೂಟು ಎರಡು ಕಂಪನಿಯದ್ದಾದರೆ ಸೋಲ್ ಉದ್ದ ಬೇರೆ ಬೇರೆ ಇರಬಹುದು. ಬೈಂಡಿಂಗ್‌ಗೆ ಬೇಕಾಗಿರುವುದು ಮಿಲಿಮೀಟರ್ ಲೆಕ್ಕದ ಈ ಅಂಕಿ ಮಾತ್ರ.

ಆಮೇಲೆ ಹಿಂದಿನ ತುಂಡು. ಅದು ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಕೆಲವದಕ್ಕೆ ಎತ್ತುವ ಲಿವರ್ ಇರುತ್ತದೆ, ಕೆಲವದಕ್ಕೆ ಹಿಂದೆ ಒಂದು ಸ್ಕ್ರೂ. ಇಲ್ಲೇ ಜನ ಎಡವುವುದು. ಹಿಂದಿನ ತುಂಡಿನಲ್ಲಿ ಎಷ್ಟೋ ಮಾಡೆಲ್‌ನಲ್ಲಿ ಎರಡು ಸ್ಕ್ರೂ ಇರುತ್ತವೆ, ಒಂದು ಮೇಲೆ, ಒಂದು ಕೆಳಗೆ. ಕಿಟಕಿಯ ಅಂಕಿಯನ್ನು ಬದಲಿಸುವುದು ಒಂದು, ಇಡೀ ತುಂಡನ್ನು ಸರಿಸುವುದು ಇನ್ನೊಂದು. ಡಿನ್ ಇಳಿಸುತ್ತೇನೆ ಅಂತ ಹೊರಟು ತುಂಡನ್ನೇ ಹಿಂದಕ್ಕೆ ಸರಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಕಿಟಕಿಯೊಳಗಿನ ಗುರುತು ಅಲುಗಾಡದಿದ್ದರೆ ಕೂಡಲೇ ನಿಲ್ಲಿಸಿ, ನೀವು ತಪ್ಪು ಸ್ಕ್ರೂ ಮೇಲೆ ಇದ್ದೀರಿ.

ತುಂಡು ಸರಿಯಾದ ಜಾಗದಲ್ಲಿ ಇದೆಯೋ ಇಲ್ಲವೋ ಅಂತ ನೋಡುವುದು ಬೂಟು ಒಳಗೆ ಇದ್ದಾಗ ಮಾತ್ರ. ಬೂಟು ಹಿಂದಿನ ತುಂಡನ್ನು ಸ್ವಲ್ಪ ಹಿಂದಕ್ಕೆ ಒತ್ತಬೇಕು, ಒಳಗಿನ ಸ್ಪ್ರಿಂಗ್ ಬೂಟನ್ನು ಮುಂದಕ್ಕೆ ಒತ್ತಬೇಕು. ಇದಕ್ಕೇ ಫಾರ್ವರ್ಡ್ ಪ್ರೆಷರ್ ಅನ್ನುವುದು. ಇದು ಸರಿ ಇದೆ ಅಂತ ತೋರಿಸಲು ಪ್ರತಿ ಕಂಪನಿಯೂ ಒಂದು ಗುರುತು ಇಟ್ಟಿರುತ್ತದೆ. ಕೆಲವದರಲ್ಲಿ ಹಿಂದಿನ ಸ್ಕ್ರೂ ತಲೆ ಅದರ ಗೂಡಿನ ಅಂಚಿಗೆ ಸಮ ಬರಬೇಕು, ಕೆಲವದರಲ್ಲಿ ಒಂದು ಚಿಕ್ಕ ನಾಲಿಗೆ ಎರಡು ಗೆರೆಗಳ ನಡುವೆ ನಿಲ್ಲಬೇಕು. ನಿಮ್ಮ ಮಾಡೆಲ್‌ನ ಪುಸ್ತಕ ಕಂಪನಿ ಸೈಟಿನಲ್ಲಿ ಸಿಕ್ಕರೆ ಅದನ್ನೇ ನೋಡಿ, ಬೇರೆ ಕಂಪನಿಯ ವಿಡಿಯೋ ನೋಡಬೇಡಿ. ಒತ್ತಡ ಕಡಿಮೆಯಾದರೆ ಸ್ಕೀ ಬೇಡದ ಹೊತ್ತಿನಲ್ಲಿ ಬಿಚ್ಚಿಕೊಳ್ಳುತ್ತದೆ. ಜಾಸ್ತಿಯಾದರೆ ಬಿಚ್ಚಿಕೊಳ್ಳಬೇಕಾದಾಗ ಬಿಚ್ಚಿಕೊಳ್ಳುವುದಿಲ್ಲ, ಕಿಟಕಿಯಲ್ಲಿ ಎಷ್ಟೇ ಕಡಿಮೆ ಅಂಕಿ ಇದ್ದರೂ.

ಈಗ ಡಿನ್. ಚಾರ್ಟ್ ಓದುವ ಕ್ರಮ ಹೇಳುತ್ತೇನೆ, ಅಂಕಿ ಹೇಳುವುದಿಲ್ಲ, ಅದನ್ನು ನಿಮ್ಮ ಬೈಂಡಿಂಗ್‌ನ ಚಾರ್ಟಿನಲ್ಲೇ ನೋಡಿ. ತೂಕಕ್ಕೆ ಒಂದು ಅಕ್ಷರ, ಎತ್ತರಕ್ಕೆ ಒಂದು ಅಕ್ಷರ ಇರುತ್ತದೆ. ಎರಡೂ ಬೇರೆ ಬಂದರೆ ಚಾರ್ಟಿನಲ್ಲಿ ಮೇಲಿರುವ ಸಾಲು, ಅಂದರೆ ಕಡಿಮೆ ಬಲದ್ದು, ಹಿಡಿಯಬೇಕು. ನನ್ನದೇ ಉದಾಹರಣೆ ಕೊಡುತ್ತೇನೆ. ನನಗೆ 52 ವರ್ಷ, 72 ಕೆಜಿ, 164 ಸೆಂ.ಮೀ. ತೂಕ 67ರಿಂದ 78ರ ನಡುವೆ, ಅದು ಕೆ ಸಾಲು. ಎತ್ತರ 158ರಿಂದ 166ರ ನಡುವೆ, ಅದು ಜೆ ಸಾಲು. ಹಾಗಾಗಿ ಜೆ. ನಾನು ಮಧ್ಯಮ ವೇಗದವನು, ಅಂದರೆ ಎರಡನೇ ಬಗೆ, ಅದಕ್ಕೆ ಒಂದು ಸಾಲು ಕೆಳಗೆ ಇಳಿಯಬೇಕು, ಕೆ ಆಯಿತು. ಆದರೆ 50 ದಾಟಿದವರು ಒಂದು ಸಾಲು ಮೇಲೆ ಹೋಗಬೇಕು, ಮತ್ತೆ ಜೆ. ಆ ಸಾಲಿನಲ್ಲಿ ನನ್ನ ಸೋಲ್ ಉದ್ದದ ಕೆಳಗೆ ಇರುವುದೇ ನನ್ನ ಅಂಕಿ. ನೀವು 74 ಕೆಜಿ, 170 ಸೆಂ.ಮೀ., ಎರಡೂ ಕೆ. ನಿಧಾನ ಹೋಗುವ ಮೊದಲನೇ ಬಗೆಯವರು ಅಂತ ನೀವೇ ಹೇಳಿದ್ದೀರಿ, ಹಾಗಾಗಿ ಕೆ ಸಾಲಿನಲ್ಲೇ ಇರಿ. ವೇಗದ ವಿಷಯದಲ್ಲಿ ದೊಡ್ಡಸ್ತಿಕೆ ತೋರಿಸಬೇಡಿ. ಸುಳ್ಳು ಹೇಳಿದರೆ ಅನುಭವಿಸುವುದು ಕಾಲು.

ಸೋಲ್ ಉದ್ದ ಯಾಕೆ ಬೇಕು ಅಂತ ಕೇಳುತ್ತಾರೆ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ ನೋಡಿ, ಹಿಡಿಯ ಹತ್ತಿರ ತಳ್ಳಿ ನೋಡಿ. ಹಿಡಿಯ ಹತ್ತಿರ ಸುಲಭ ಅಲ್ವಾ? ಉದ್ದ ಬೂಟಿನಲ್ಲಿ ಮುಂದಿನ ತುದಿ ಕಾಲಿನ ಮೂಳೆಯಿಂದ ದೂರ ಇರುತ್ತದೆ. ಮೂಳೆಯ ಮೇಲೆ ಬೀಳುವ ತಿರುಚು ಅಷ್ಟೇ ಇದ್ದರೂ, ತುದಿಯಲ್ಲಿ ಬೀಳುವ ಬಲ ಕಡಿಮೆ. ಅದಕ್ಕೇ ಒಂದೇ ತೂಕದ ಇಬ್ಬರಲ್ಲಿ ಉದ್ದ ಬೂಟಿನವರಿಗೆ ಅಂಕಿ ಕಡಿಮೆ ಬರುತ್ತದೆ.

ಮುಂದಿನ ಸ್ಕ್ರೂ, ಹಿಂದಿನ ಸ್ಕ್ರೂ, ಎರಡು ಸ್ಕೀ, ಒಟ್ಟು ನಾಲ್ಕು ಕಿಟಕಿ. ನಾಲ್ಕರಲ್ಲೂ ಒಂದೇ ಅಂಕಿ ಇರಬೇಕು. ಸ್ಕ್ರೂಡ್ರೈವರ್ ಮಾಮೂಲಿ ಪ್ಲಸ್ ತಲೆಯದ್ದು ಬೇಡ. ಪೋಜಿಡ್ರೈವ್ 3 ಅಂತ ಸಿಗುತ್ತದೆ, ಪ್ಲಸ್ ನಡುವೆ ಇನ್ನೂ ನಾಲ್ಕು ಚಿಕ್ಕ ಗೆರೆ ಇರುವುದು. ಮಾಮೂಲಿ ಹಾಕಿದರೆ ತಲೆ ತಿಂದು ಹೋಗುತ್ತದೆ, ಆಮೇಲೆ ಅಂಗಡಿಯವರಿಗೂ ತಿರುಗಿಸಲು ಬರುವುದಿಲ್ಲ.

ಮನೆಯಲ್ಲಿ ಮುಟ್ಟಲೇಬಾರದ್ದು ಅಂದರೆ ಡ್ರಿಲ್. ಬೈಂಡಿಂಗ್ ಬಿಚ್ಚಿ ಬೇರೆ ಕಡೆ ಕೂರಿಸುವುದು, ತೂತು ಕೊರೆಯುವುದು ಬೇಡ. ಇನ್ನೊಂದು, ಸ್ಪ್ರಿಂಗ್ ಬಿಗಿಯಾಗಿದೆ ಅಂತ ಡಬ್ಲ್ಯೂಡಿ-40 ಹೊಡೆಯಬೇಡಿ. ಒಳಗಿನ ಗ್ರೀಸ್ ತೊಳೆದು ಹೋಗುತ್ತದೆ.

ನಿಮ್ಮ ಬೂಟು ಹೊಸದು ಅಂದಿರಿ. ಅಡಿ ತಿರುಗಿಸಿ ನೋಡಿ, ಗ್ರಿಪ್‌ವಾಕ್ ಅಂತ ಬರೆದಿದೆಯಾ? ಇದಕ್ಕೆ ಉತ್ತರ ಹೇಳಿ, ಮಿಕ್ಕದ್ದನ್ನು ಆಮೇಲೆ ನೋಡೋಣ.

ಶಿರಸಿಯವಳು:

ಹಳಬ ಅವರ ಮಾತಿಗೆ ನನ್ನ ಕಾಲೇ ಸಾಕ್ಷಿ. ಎರಡು ವರ್ಷದ ಹಿಂದಿನ ಮಾತು. ಅಡ್ಡ ದಾಟುವ ಒಂದು ಕಿರಿದಾದ ದಾರಿ, ಜೋರಾಗಿ ಕೂಡ ಹೋಗುತ್ತಿರಲಿಲ್ಲ, ಎಡಗಾಲಿನ ಸ್ಕೀ ಸುಮ್ನೆ ಕಳಚಿಕೊಂಡಿತು. ಬಿದ್ದೆ, ಏನೂ ಆಗಲಿಲ್ಲ. ಗುಂಪಿನಲ್ಲಿ ಇದ್ದವರೆಲ್ಲ ಒಂದೇ ಮಾತು, ಡಿನ್ ಏರಿಸು. ಒಬ್ಬರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅಲ್ಲೇ ಒಂದೂವರೆ ಏರಿಸಿಕೊಟ್ಟರು. ನಾನೂ ಥ್ಯಾಂಕ್ಸ್ ಹೇಳಿದೆ.

ಮಧ್ಯಾಹ್ನ ನಿಂತಲ್ಲೇ ಅನ್ನುವಷ್ಟು ನಿಧಾನ ತಿರುಗುವಾಗ ಮುಂದಿನ ತುದಿ ಮೆತ್ತನೆ ಹಿಮದಲ್ಲಿ ಸಿಕ್ಕಿಕೊಂಡಿತು. ದೇಹ ತಿರುಗಿತು, ಸ್ಕೀ ತಿರುಗಲಿಲ್ಲ, ಬೂಟೂ ಬಿಡಲಿಲ್ಲ. ಮೊಣಕಾಲಿನ ಕೆಳಗೆ ಮೂಳೆಯಲ್ಲಿ ಬಿರುಕು. ಆರು ವಾರ ಊರುಗೋಲು. ಅತ್ತೆ ಊರಿನಿಂದ ಬಂದು ಅಡುಗೆ ಮಾಡಿ ಹಾಕಿದರು.

ಆಮೇಲೆ ಆ ಸ್ಕೀ ತಗೊಂಡು ಒಬ್ಬ ತಿಳಿದ ಟೆಕ್ನೀಷಿಯನ್ ಹತ್ತಿರ ಹೋದಾಗ ಅವರು ಬೂಟು ಹಾಕಿ ಹಿಂದಿನ ತುಂಡನ್ನು ಬೆರಳಲ್ಲಿ ತೋರಿಸಿದರು. ಎಡಗಡೆ ನಾಲಿಗೆ ಗೆರೆಗೆ ಮುಟ್ಟಿಯೇ ಇರಲಿಲ್ಲ. ಬೆಳಿಗ್ಗೆ ಕಳಚಿಕೊಂಡದ್ದು ಒತ್ತಡ ಸಾಲದೆ. ಸರಿಸಬೇಕಾಗಿದ್ದದ್ದು ಹಿಂದಿನ ತುಂಡನ್ನು, ನಾವು ಏರಿಸಿದ್ದು ಡಿನ್ ಅನ್ನು. ಮುಂದಿನ ಸ್ಪ್ರಿಂಗ್ ನನ್ನ ಮೂಳೆಗಿಂತ ಗಟ್ಟಿಯಾಗಿ ಕೂತಿತ್ತು.

ಕಿಟ್ಟಿಯವರೇ, ಬಿಚ್ಚಿಕೊಂಡರೆ ಅರ್ಧ ಏರಿಸಿ ಅಂತ ನೀವು ಬರೆದದ್ದು ಓದಿ ಎದೆ ಝಲ್ ಅಂತು, ಅದಕ್ಕೇ ಇಷ್ಟು ಬರೆದೆ. ಬಿಚ್ಚಿಕೊಂಡರೆ ಮೊದಲು ಬೂಟಿನ ಅಡಿ ನೋಡಿ. ಹಿಮ ಗಟ್ಟಿಯಾಗಿ ಮೆತ್ತಿಕೊಂಡಿದ್ದರೂ ಬೂಟು ಸರಿಯಾಗಿ ಕೂರುವುದಿಲ್ಲ. ನಾನು ಈಗ ಪ್ರತಿ ಸಲ ಹಾಕುವ ಮುಂಚೆ ಅಡಿಯನ್ನು ಬೈಂಡಿಂಗ್ ಅಂಚಿಗೆ ಉಜ್ಜುತ್ತೇನೆ, ಬಿಳಿ ಪದರ ಉದುರುವವರೆಗೆ. ಆಮೇಲೆ ಒತ್ತಡದ ಗುರುತು ನೋಡಿ. ಅಂಕಿ ಕಡೆಗೆ ಬರುವುದು ಇದೆಲ್ಲ ಆದ ಮೇಲೆ.

ಬೇ_ಏರಿಯಾ_ಕಿಟ್ಟಿ:

ಅಕ್ಕಾ, ಓದಿ ಬೇಜಾರಾಯಿತು. ಆ ಗುರುತು ನಾನು ಇದುವರೆಗೆ ನೋಡಿಯೇ ಇಲ್ಲ. ಈಗ ಗ್ಯಾರೇಜಿಗೆ ಹೋಗಿ ಬೂಟು ಹಾಕಿ ನೋಡಿದೆ, ಬಲಗಡೆ ಸರಿ ಇದೆ, ಎಡಗಡೆ ಸ್ಕ್ರೂ ತಲೆ ಎರಡು ಮಿಲಿಮೀಟರ್ ಒಳಗೆ ಹೋಗಿದೆ. ನನ್ನ ಮೊದಲಿನ ಮಾತು ವಾಪಸ್. ಈ ವಾರ ಅಂಗಡಿಗೆ ಕೊಡುತ್ತೇನೆ.

ಮ್ಯೂನಿಕ್_ಮಂಗಳೂರು:

ನಾನು ಮ್ಯೂನಿಕ್‌ನಲ್ಲಿ ಇದ್ದೇನೆ. ಇಲ್ಲಿಂದ ಗಾರ್ಮಿಶ್‌ಗೆ ರೈಲಿನಲ್ಲಿ ಒಂದೂವರೆ ಗಂಟೆ, ಚಳಿಗಾಲದ ಭಾನುವಾರ ಆ ರೈಲಿನಲ್ಲಿ ಎಲ್ಲಿ ನೋಡಿದರೂ ಸ್ಕೀ. ಈ ಡಿನ್ ಅನ್ನುವ ಹೆಸರು ಬಂದದ್ದು ಜರ್ಮನಿಯ ಮಾನಕ ಸಂಸ್ಥೆಯಿಂದ. ಈಗ ಅಂಗಡಿಯವರು ಅನುಸರಿಸುವ ಕ್ರಮಕ್ಕೆ ಐಎಸ್‌ಒ 11088 ಅನ್ನುತ್ತಾರೆ. ಸ್ಕೀ, ಬೈಂಡಿಂಗ್, ಬೂಟು ಮೂರನ್ನೂ ಸೇರಿಸಿ ಹೇಗೆ ಕೂರಿಸಬೇಕು, ಹೇಗೆ ಪರೀಕ್ಷಿಸಬೇಕು ಅಂತ ಅದರಲ್ಲಿ ಇದೆ.

ಬಿಚ್ಚಿಕೊಳ್ಳುವ ಬೈಂಡಿಂಗ್ ಶುರುವಾದದ್ದೇ ಒಬ್ಬರ ಮುರಿದ ಕಾಲಿನಿಂದ. ಯಾಲ್ಮಾರ್ ವಾಮ್ ಅಂತ ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನೆಲೆಸಿದ ಸ್ಕೀಪಟು, 1937ರಲ್ಲಿ ಮೌಂಟ್ ಹುಡ್‌ನಲ್ಲಿ ಕಾಲು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರಿಗೆ ಈ ಯೋಚನೆ ಬಂತು. 1950ರ ದಶಕದಲ್ಲಿ ಇಲ್ಲೇ ಗಾರ್ಮಿಶ್ ಕಡೆಯ ಹಾನ್ನೆಸ್ ಮಾರ್ಕರ್ ಅದನ್ನು ಇನ್ನೂ ಮುಂದಕ್ಕೆ ಒಯ್ದರು. ಅದಕ್ಕೂ ಮುಂಚೆ ಬೂಟು ಸ್ಕೀಗೆ ಕಟ್ಟಿಹಾಕಿದ ಹಾಗೇ ಇರುತ್ತಿತ್ತು, ಬಿದ್ದರೆ ಮೂಳೆಯೇ ಬಿಡಬೇಕಿತ್ತು.

ಒಂದು ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಡಿನ್ ಅಂಕಿ ಸರಿ ಇದ್ದರೆ ಮೊಣಕಾಲು ಕೂಡ ಸುರಕ್ಷಿತ ಅಂತ ತಿಳಿಯಬೇಡಿ. ಈ ಬೈಂಡಿಂಗ್ ಕಾಯುವುದು ಮೊಣಕಾಲಿನ ಕೆಳಗಿನ ಮೂಳೆಯನ್ನು. ಮುಂದಿನ ತುಂಡು ಪಕ್ಕಕ್ಕೆ ತಿರುಚಿದಾಗ ಬಿಡುತ್ತದೆ, ಹಿಂದಿನ ತುಂಡು ಮುಂದಕ್ಕೆ ಬಿದ್ದಾಗ ಮೇಲಕ್ಕೆ ಬಿಡುತ್ತದೆ. ಹಿಂದಕ್ಕೆ ಕೂತ ಹಾಗೆ ಬಿದ್ದು ಕಾಲು ತಿರುಚಿಕೊಂಡರೆ ಮಾಮೂಲಿ ಬೈಂಡಿಂಗ್‌ನಲ್ಲಿ ಎರಡೂ ಬಿಡದೇ ಇರಬಹುದು. ಎಸಿಎಲ್ ಅನ್ನುವ ಮೊಣಕಾಲಿನ ಒಳಗಿನ ತಂತು ಹರಿಯುವುದು ಹಾಗೇ. ಹಿಂದಕ್ಕೆ ಬೀಳುತ್ತಿದ್ದರೆ ಏಳಲು ಒದ್ದಾಡಬೇಡಿ, ಕೈ ಮುಂದೆ ಚಾಚಿ ಸುಮ್ನೆ ಜಾರಿಕೊಂಡು ಹೋಗಿ.

ನಾನು ಪ್ರತಿ ವರ್ಷ ಸೀಸನ್ ಶುರುವಾಗುವ ಮುಂಚೆ ಮಷೀನಿಗೆ ಹಾಕಿಸುತ್ತೇನೆ. ಬೂಟನ್ನು ಸ್ಕೀ ಮೇಲೆ ಇಟ್ಟು, ಮಷೀನ್ ನಿಧಾನವಾಗಿ ತಿರುಚುತ್ತದೆ, ಎಷ್ಟು ನ್ಯೂಟನ್ ಮೀಟರಿಗೆ ಬಿಟ್ಟಿತು ಅಂತ ಚೀಟಿ ಬರುತ್ತದೆ. ಕಿಟಕಿಯಲ್ಲಿ 5 ಅಂತ ಇದ್ದರೆ ಸ್ಪ್ರಿಂಗ್ ನಿಜಕ್ಕೂ ಐದರಲ್ಲೇ ಬಿಡುತ್ತದೆ ಅಂತ ಹೇಳಲು ಆಗುವುದಿಲ್ಲ, ಅದರಲ್ಲೂ ಹಳೇದರಲ್ಲಿ. ಮನೆಯಲ್ಲಿ ಇದನ್ನು ಅಳೆಯುವ ಸಾಧನ ನಮ್ಮ ಹತ್ತಿರ ಇಲ್ಲ.

ಡೆನ್ವರ್_ದಾವಣಗೆರೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಿರಸಿ ಮೇಡಂ, ನಿಮ್ಮದನ್ನು ಓದಿ ಮನೆಯವಳಿಗೂ ಓದಿಸಿದೆ.

ಹಳಬ ಸರ್, ಟಾರ್ಚ್ ಅಡ್ಡ ಹಿಡಿದು ನೋಡಿದೆ, 305 ಮಿ.ಮೀ. ಅಂತ ಇದೆ. ಹಿಂದಿನ ತುಂಡು ನಿಂತಿರುವುದು 311 ಗುರುತಿನ ಹತ್ತಿರ. ಬೂಟು ಹಾಕಿದಾಗ ನಾಲಿಗೆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ಟಕ್ ಅಂದದ್ದನ್ನು ನಂಬಿ ನಾನು ಶನಿವಾರ ಹೊರಡುವವನಿದ್ದೆ.

ಬೂಟಿನ ಅಡಿಯಲ್ಲಿ ಗ್ರಿಪ್‌ವಾಕ್ ಅಂತ ಇದೆ. ಬೈಂಡಿಂಗ್ ಮೇಲೆ ಎಲ್ಲಾ ಕಡೆ ಹುಡುಕಿದೆ, ಆ ಹೆಸರು ಎಲ್ಲೂ ಇಲ್ಲ. ಏನು ಮಾಡಲಿ?

ಮಗಳದ್ದು ಮಕ್ಕಳ ಬೈಂಡಿಂಗ್, ನೋಡಲು ತುಂಬಾ ಹಳೇದು, ಪ್ಲಾಸ್ಟಿಕ್ ಬಿಳಿಚಿಕೊಂಡಿದೆ.

ಬಕ್‌ಹಿಲ್_ಹಳಬ:

ಹಾಗಾದರೆ ಸ್ಕ್ರೂಡ್ರೈವರ್ ಒಳಗೆ ಇಡಿ. ಹಾಗೇ ಹಾಕಿಕೊಂಡು ಹೋಗಬೇಡಿ.

ಹಳೇ ಮಾದರಿಯ ಸೋಲ್ ಚಪ್ಪಟೆ, ಗಟ್ಟಿ ಪ್ಲಾಸ್ಟಿಕ್. ಗ್ರಿಪ್‌ವಾಕ್ ಸೋಲ್ ನಡೆಯಲು ಅನುಕೂಲ ಆಗಲಿ ಅಂತ ದೋಣಿ ಹಾಗೆ ಬಾಗಿದೆ, ರಬ್ಬರ್ ಇದೆ. ಬೈಂಡಿಂಗ್‌ನ ಮುಂದಿನ ತುಂಡಿನ ಕೆಳಗೆ ಬೂಟು ಜಾರುವ ಒಂದು ಚಿಕ್ಕ ತಟ್ಟೆ ಇರುತ್ತದೆ, ನಿಮ್ಮ ಮುಂದೆ ಇದೆ ನೋಡಿ, ಬೆರಳಿನಲ್ಲಿ ತಳ್ಳಿದರೆ ಕೆಲವದರಲ್ಲಿ ಅಲ್ಲಾಡುತ್ತದೆ. ಬೀಳುವಾಗ ಬೂಟು ಅದರ ಮೇಲೆ ಪಕ್ಕಕ್ಕೆ ಜಾರಿಕೊಂಡು ಹೊರಗೆ ಬರಬೇಕು. ಬೂಟು ಎತ್ತರ ತಪ್ಪಿ ಅದನ್ನು ಒತ್ತಿಹಿಡಿದರೆ ಜಾರುವುದಿಲ್ಲ, ಡಿನ್ ಎಷ್ಟಿದ್ದರೂ ಬಿಡುವುದಿಲ್ಲ. ಗ್ರಿಪ್‌ವಾಕ್ ಗುರುತು ಇರುವ ಬೈಂಡಿಂಗ್, ಇಲ್ಲವೇ ಎತ್ತರ ಬದಲಿಸಬಹುದಾದ ಮುಂದಿನ ತುಂಡು ಇರುವ, ಕಂಪನಿಯೇ ಆಗುತ್ತದೆ ಅಂತ ಹೇಳಿರುವ ಬೈಂಡಿಂಗ್ ಬೇಕು. ನಿಮ್ಮದು ಎರಡೂ ಅಲ್ಲ ಅನಿಸುತ್ತದೆ.

ಆದರೆ ಸ್ಕೀ ಎಸೆಯಬೇಕಾಗಿಲ್ಲ. ಎಷ್ಟೋ ಬೂಟಿನಲ್ಲಿ ಅಡಿ ಬದಲಿಸಬಹುದು, ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ನಿಮ್ಮ ಬೂಟಿನ ಕಂಪನಿಯದ್ದೇ ಚಪ್ಪಟೆ ಅಡಿ ಸಿಗುತ್ತದಾ ಕೇಳಿ. ಸಿಕ್ಕರೆ ಅಂಗಡಿಯಲ್ಲೇ ಹಾಕಿಸಿ, ಅಲ್ಲೇ ಬೈಂಡಿಂಗ್ ಹೊಂದಿಸಿ, ಮಷೀನಿಗೂ ಹಾಕಿಸಿ. ಅಡಿ ಬದಲಿಸಿದ ಮೇಲೆ ಎತ್ತರ, ಒತ್ತಡ ಎರಡನ್ನೂ ಮತ್ತೆ ನೋಡಬೇಕು.

ಮಗಳದ್ದು ಬೇರೆ ಕಥೆ. ತಯಾರಕರು ಪ್ರತಿ ಸೀಸನ್‌ಗೆ ಒಂದು ಪಟ್ಟಿ ಹೊರಡಿಸುತ್ತಾರೆ. ಆ ಪಟ್ಟಿಯಲ್ಲಿ ಇರುವ ಬೈಂಡಿಂಗ್ ಮೇಲೆ ತರಬೇತಿ ಆದ ಅಂಗಡಿಯವರು ಕೆಲಸ ಮಾಡಿದರೆ ಕಾನೂನಿನ ವಿಷಯದಲ್ಲಿ ತಯಾರಕರು ಅವರ ಜೊತೆ ನಿಲ್ಲುತ್ತಾರೆ. ಪಟ್ಟಿಯಿಂದ ಬಿಟ್ಟುಹೋದ ಹಳೇ ಮಾಡೆಲ್ ಅನ್ನು ಅಂಗಡಿಯವರು ಮುಟ್ಟುವುದಿಲ್ಲ. ಜನ ಇದಕ್ಕೆ ಸಿಟ್ಟಾಗುತ್ತಾರೆ, ನಮ್ಮ ಕೌಂಟರಿನಲ್ಲೂ ಎಷ್ಟು ಜಗಳ ಆಗಿದೆ. ಆದರೆ ಅಂಗಡಿಯವರು ಮುಟ್ಟಲ್ಲ ಅಂದ ಬೈಂಡಿಂಗನ್ನು ಮನೆಯಲ್ಲಿ ನಾವೇ ಹೊಂದಿಸಿ ಮಗುವಿನ ಕಾಲಿಗೆ ಹಾಕುವುದು ದಯವಿಟ್ಟು ಬೇಡ. ಪ್ಲಾಸ್ಟಿಕ್ ಬಿಳಿಚಿದೆ ಅಂದರೆ ಬಿಸಿಲಿಗೆ, ಚಳಿಗೆ ಹಣ್ಣಾಗಿದೆ ಅಂತಲೇ ಅರ್ಥ.

ಮಕ್ಕಳ ಬೂಟಿನ ಅಡಿ ಕೂಡ ದೊಡ್ಡವರದ್ದಕ್ಕಿಂತ ಬೇರೆ ಅಳತೆಯದ್ದು ಇರಬಹುದು. ದೊಡ್ಡವರ ಬೈಂಡಿಂಗ್‌ಗೆ ಮಕ್ಕಳ ಅಡಿ ಹಾಕಬಾರದು. ಇನ್ನು, ದೊಡ್ಡವರ ಬೈಂಡಿಂಗ್ 3ರಿಂದಲೋ 4ರಿಂದಲೋ ಶುರುವಾಗುತ್ತದೆ, 34 ಕೆಜಿ ಮಗುವಿಗೆ ಬೇಕಾದ ಅಂಕಿ ಅದಕ್ಕಿಂತ ಕೆಳಗೆ ಇರುತ್ತದೆ. ಬೆಳೆಯುವ ಮಕ್ಕಳಿಗೆ ಸೀಸನ್ ಪೂರ್ತಿ ಬಾಡಿಗೆ ಕೊಡುವ ವ್ಯವಸ್ಥೆ ಡೆನ್ವರ್‌ನಲ್ಲಿ ಇದೆ. ಶುರುವಿನಲ್ಲಿ ಒಂದೇ ಸಲ ಸಾಲಿನಲ್ಲಿ ನಿಂತರೆ ಮುಗಿಯಿತು.

ಕೋರಮಂಗಲ_ಚಾರಣ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬೆಂಗಳೂರಿನವನು, ಫೆಬ್ರವರಿಯಲ್ಲಿ ಮೊದಲ ಸಲ ಗುಲ್ಮಾರ್ಗ್‌ಗೆ ಹೋಗುತ್ತಿದ್ದೇನೆ. ಅಲ್ಲಿ ಬಾಡಿಗೆಗೆ ತಗೊಳ್ಳುವಾಗ ನನ್ನಂಥ ಹೊಸಬ ಏನು ನೋಡಬೇಕು? ಇನ್ನೊಂದು, ಕೊಡಗಿನ ಸ್ಕೀಪಟು ಭವಾನಿ ಅವರ ಫೋಟೋಗಳಲ್ಲಿ ಬೈಂಡಿಂಗ್ ತೀರಾ ಚಿಕ್ಕದು ಕಾಣುತ್ತದೆ, ಅದರಲ್ಲೂ ಈ ಡಿನ್ ಇರುತ್ತದಾ?

ಮ್ಯೂನಿಕ್_ಮಂಗಳೂರು:

ಇಲ್ಲ. ಭವಾನಿ ಓಡುವುದು ಕ್ರಾಸ್ ಕಂಟ್ರಿ. ಅದರಲ್ಲಿ ಬೂಟಿನ ಮುಂದಿನ ತುದಿ ಮಾತ್ರ ಸಿಕ್ಕಿಕೊಳ್ಳುತ್ತದೆ, ಹಿಮ್ಮಡಿ ಎತ್ತಿ ಎತ್ತಿ ಓಡಬೇಕು. ಡಿನ್ ಅಂಕಿ ಅಲ್ಲಿ ಇಲ್ಲ. ನೀವು ಗುಲ್ಮಾರ್ಗ್‌ನಲ್ಲಿ ಇಳಿಜಾರಿಗೆ ಹಾಕುವುದು ಬೇರೆ ಜಾತಿಯದ್ದು.

ಬಾಡಿಗೆಗೆ ತಗೊಳ್ಳುವಾಗ ಅವರು ಕೇಳದಿದ್ದರೂ ನೀವೇ ತೂಕ, ಎತ್ತರ, ವಯಸ್ಸು ಹೇಳಿ. ನಾನು ಹೊಸಬ ಅಂತಲೂ ಹೇಳಿ. ನಾಲ್ಕು ಕಿಟಕಿಯಲ್ಲೂ ಒಂದೇ ಅಂಕಿ ಇದೆಯಾ ನೋಡಿ. ಬೂಟು ಹಾಕಿಸಿ, ಒತ್ತಡದ ಗುರುತು ಎಲ್ಲಿದೆ ತೋರಿಸಿ ಅಂತ ಕೇಳಿ. ಬೂಟು ಬದಲಿಸಿ ಬೇರೆ ಅಳತೆ ತಗೊಂಡರೆ ಬೈಂಡಿಂಗ್ ಕೂಡ ಮತ್ತೆ ಹೊಂದಿಸಬೇಕು, ಇದನ್ನು ಗಡಿಬಿಡಿಯಲ್ಲಿ ಮರೆಯುತ್ತಾರೆ. ಹೊಂದಿಸಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.

ಡೆನ್ವರ್_ದಾವಣಗೆರೆ:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಇಷ್ಟು ಜನ ಸಮಯ ಕೊಟ್ಟಿದ್ದೀರಿ, ಏನಾಯಿತು ಅಂತ ಹೇಳಬೇಕಲ್ಲ.

ನನ್ನ ಬೂಟಿಗೆ ಚಪ್ಪಟೆ ಅಡಿ ಸಿಕ್ಕಿತು. ಅಂಗಡಿಯ ಹುಡುಗಿ ಅದನ್ನು ಕೂರಿಸಿ, ಮತ್ತೆ ಸೋಲ್ ಅಳೆದು, ಹಿಂದಿನ ತುಂಡನ್ನು ಮುಂದಕ್ಕೆ ತಂದಳು. ಈಗ ನಾಲಿಗೆ ಎರಡು ಗೆರೆಗಳ ನಡುವೆ ಸರಿಯಾಗಿ ನಿಂತಿದೆ. ಮೊದಲು ಎಲ್ಲಿತ್ತು ಅಂತ ಫೋಟೋ ತೆಗೆದು ಇಟ್ಟುಕೊಂಡಿದ್ದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ನಾಲ್ಕೂ ಕಿಟಕಿಯಲ್ಲಿ ಚಾರ್ಟಿನ ಅಂಕಿ ಇಟ್ಟು ಮಷೀನಿಗೆ ಹಾಕಿದಳು. ಮೂರು ಸರಿ ಬಂದವು. ಎಡ ಸ್ಕೀಯ ಮುಂದಿನ ತುಂಡು ಮಾತ್ರ ಇರಬೇಕಾದದ್ದಕ್ಕಿಂತ ಜಾಸ್ತಿ ಬಲ ಕೊಟ್ಟ ಮೇಲೆ ಬಿಟ್ಟಿತು. ಒರೆಸಿ, ನಾಲ್ಕೈದು ಸಲ ಪಕ್ಕಕ್ಕೆ ಬಿಡಿಸಿ, ಮತ್ತೆ ಹಾಕಿದಳು. ಆಗಲೂ ಸ್ವಲ್ಪ ಜಾಸ್ತಿಯೇ. ಆಮೇಲೆ ಆ ಒಂದು ಕಿಟಕಿಯನ್ನು ಅರ್ಧ ಇಳಿಸಿದಾಗ ಮಿತಿಯೊಳಗೆ ಬಂತು. ಅಂದರೆ ಮನೆಯಲ್ಲಿ ನಾಲ್ಕಕ್ಕೂ ಒಂದೇ ಅಂಕಿ ಇಟ್ಟು ನಾನು ನೆಮ್ಮದಿಯಾಗಿ ಹೊರಟಿದ್ದರೂ ಎಡಗಾಲು ಬಿಗಿಯಾಗಿಯೇ ಇರುತ್ತಿತ್ತು. ಹೊಂದಿಸಿ ಪರೀಕ್ಷೆ ಮಾಡಿದ್ದಕ್ಕೆ 35 ಡಾಲರ್ ಆಯಿತು, ಅಡಿಯ ದುಡ್ಡು ಬೇರೆ.

ಮಗಳ ಬೈಂಡಿಂಗ್ ಪಟ್ಟಿಯಲ್ಲಿ ಇಲ್ಲ ಅಂದರು. ವಾದ ಮಾಡಲಿಲ್ಲ. ಸೀಸನ್ ಬಾಡಿಗೆಗೆ ತಗೊಂಡೆವು, ಅವಳ ತೂಕವನ್ನು ಅಲ್ಲೇ ತಕ್ಕಡಿ ಮೇಲೆ ನಿಲ್ಲಿಸಿ ನೋಡಿದರು, 34 ಅಲ್ಲ, 36 ಆಗಿದ್ದಾಳೆ. ಸಾಲೇ ಬದಲಾಯಿತು. ಹಳೇ ಜೊತೆಯನ್ನು ಬೇರೆಯವರಿಗೆ ಮಾರಲು ಮನಸ್ಸು ಬರಲಿಲ್ಲ, ಬೈಂಡಿಂಗ್ ಬಿಚ್ಚಿ ಬಿಸಾಡಿದೆ. ಸ್ಕೀ ಗ್ಯಾರೇಜಿನ ಗೋಡೆ ಮೇಲೆ ಇದೆ.

ಹಳಬ ಸರ್, ಇನ್ನೊಂದು ಕೇಳಬೇಕಿತ್ತು. ಪಾರ್ಕಿಂಗಿನಿಂದ ಲಿಫ್ಟ್‌ವರೆಗೆ ಬೂಟಿನಲ್ಲೇ ಡಾಂಬರಿನ ಮೇಲೆ ನಡೆಯುತ್ತೇನೆ. ಹೊಸ ಅಡಿ ಚಪ್ಪಟೆ ಪ್ಲಾಸ್ಟಿಕ್, ಸವೆಯುತ್ತದಾ?

ಬಕ್‌ಹಿಲ್_ಹಳಬ:

ಸವೆಯುತ್ತದೆ. ಮುಂದಿನ ತುದಿ ದುಂಡಗಾದರೆ ಬೈಂಡಿಂಗ್ ಹಿಡಿಯುವ ಜಾಗವೇ ಹೋಯಿತು. ಅಡಿಗೆ ಹಾಕುವ ರಬ್ಬರ್ ಕವಚ ಸಿಗುತ್ತದೆ, ನಡೆಯುವಾಗ ಹಾಕಿ, ಸ್ಕೀ ಹಾಕುವ ಮುಂಚೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಇನ್ನೊಂದು ಕೆಲಸ ಇವತ್ತೇ ಮಾಡಿ. ಒಂದು ಚೂರು ಟೇಪ್ ಮೇಲೆ ತಾರೀಖು, ನಿಮ್ಮ ತೂಕ, 305, ನಾಲ್ಕು ಕಿಟಕಿಯ ಅಂಕಿ ಬರೆದು ಸ್ಕೀ ಮೇಲೆ ಹಿಂದಿನ ತುಂಡಿನ ಹಿಂದೆ ಅಂಟಿಸಿ. ಎಡಗಡೆಯದ್ದು ಅರ್ಧ ಕಡಿಮೆ ಯಾಕೆ ಅಂತಲೂ ಬರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ನೀವೇ ನೋಡಿ, ಇದೇನು ತಪ್ಪಾಗಿದೆ ಅಂತ ಏರಿಸಿಬಿಡುತ್ತೀರಿ.